ಬಾಗಿಲು ತೆರೆಯುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ

ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. "ಕೀ ಪ್ರೋಗ್ರಾಂ ಹೊರಟುಹೋಗಿದೆ ಸರ್, ಬಂದು ಹೊಸದಾಗಿ ಮಾಡಿಕೊಡಬೇಕು." ಕಾರು ನಿಂತಲ್ಲಿಗೇ ಹೋಗಿ ಕೀ ಸರಿಪಡಿಸುವುದು ನನ್ನ ಕಸುಬು. ಆದರೆ ನಾಲ್ಕು ಪ್ರಶ್ನೆ ಕೇಳದೆ ಟೂಲ್ ಬ್ಯಾಗ್ ಎತ್ತುವುದಿಲ್ಲ.

"ರಿಮೋಟ್ ಒತ್ತಿದರೆ ಬಾಗಿಲು ತೆರೆಯುತ್ತಾ?"

"ತೆರೆಯುತ್ತೆ."

"ಎಂಜಿನ್?"

"ಒಂದು ಕ್ಷಣ ಸ್ಟಾರ್ಟ್ ಆಗಿ ಹಾಗೇ ಆಫ್ ಆಗುತ್ತೆ. ಡ್ಯಾಶ್‌ಬೋರ್ಡ್‌ನಲ್ಲಿ ಕೀ ಚಿತ್ರದ ದೀಪ ಮಿಣುಕ್ತಾ ಇದೆ."

"ಇತ್ತೀಚೆಗೆ ಕೀ ಕವರ್ ಏನಾದರೂ ಬದಲಾಯಿಸಿದ್ರಾ?"

"ಹೌದು, ನಿನ್ನೆ ರಾತ್ರಿ. ಹಳೇದು ಒಡೆದಿತ್ತು. ಹೊಸದು ತರಿಸಿ ಒಳಗಿನ ಬೋರ್ಡ್ ನಾನೇ ಕೂರಿಸಿದೆ."

"ಹಳೇ ಕವರ್ ಎಲ್ಲಿದೆ?"

"ಕಸದ ಬುಟ್ಟೀಲಿ."

"ಕಸ ಆಚೆ ಹಾಕಬೇಡಿ. ಬಂದೆ."

ಆ ಒಡೆದ ಕವರನ್ನು ಬೆಳಕಿಗೆ ಹಿಡಿದು ನೋಡಿದೆ. ಅಲಗು ಮಡಚಿಕೊಳ್ಳುವ ಕಡೆ ಪ್ಲಾಸ್ಟಿಕ್ಕಿನಲ್ಲೇ ಕೊರೆದ ಒಂದು ಪುಟ್ಟ ಗೂಡು. ಅದರೊಳಗೆ ಸುಮಾರು 12 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲದ ಕಪ್ಪು ತುಂಡೊಂದು ಒಂದು ಹನಿ ಅಂಟಿನ ಮೇಲೆ ಕೂತಿತ್ತು. ತಂತಿ ಇಲ್ಲ, ಬೆಸುಗೆ ಇಲ್ಲ. ನೋಡಿದವರು ಪ್ಲಾಸ್ಟಿಕ್ ಚೂರೆಂದೇ ತಿಳಿಯಬೇಕು. ಬ್ಲೇಡಿನ ತುದಿಯಿಂದ ಸುತ್ತಲಿನ ಅಂಟು ಕೆರೆದು, ಆ ಕಪ್ಪು ತುಂಡಿನ ಮೇಲೆ ಒತ್ತಡ ಬೀಳದ ಹಾಗೆ ಬಿಡಿಸಿ, ಹೊಸ ಕವರಿನ ಅದೇ ಗೂಡಿಗೆ ಇಳಿಸಿದೆ. ಗಾಡಿ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಗಾಡಿಗೆ ಕೀಯ ಗುರುತು ಕಲಿಸುವ ಪ್ರೋಗ್ರಾಮಿಂಗ್ ಯಂತ್ರ ಬ್ಯಾಗಿನಿಂದ ಹೊರಗೇ ಬರಲಿಲ್ಲ.

"ಪ್ರೋಗ್ರಾಂ ಹೋಯಿತು" ಎಂದು ನನಗೆ ಬರುವ ಕರೆಗಳಲ್ಲಿ ಬಹುಪಾಲು ಹೀಗೇ ಮುಗಿಯುತ್ತವೆ. ಗಾಡಿ ಓಡಿಸುವವರು ಒಂದು ಸಂಗತಿ ತಿಳಿದಿದ್ದರೆ ಅರ್ಧ ಖರ್ಚು, ಅರ್ಧ ಗಾಬರಿ ಉಳಿಯುತ್ತದೆ: ನಿಮ್ಮ ಕೈಯಲ್ಲಿರುವ ಒಂದೇ ಕೀಯೊಳಗೆ ಎರಡು ಬೇರೆ ಬೇರೆ ಸಾಧನಗಳಿವೆ. ಮಾತು ನಿಲ್ಲಿಸಿರುವುದು ಯಾವುದು ಎಂದು ಮೊದಲು ಗೊತ್ತಾಗಬೇಕು.

ಒಂದು, ಬಾಗಿಲಿನ ರಿಮೋಟ್. ಗುಂಡಿ ಒತ್ತಿದಾಗ 433 ಮೆಗಾಹರ್ಟ್ಸ್ ಆಸುಪಾಸಿನ, ಕೆಲವು ದೇಶಗಳ ಗಾಡಿಗಳಲ್ಲಿ 315 ಮೆಗಾಹರ್ಟ್ಸ್‌ನ, ರೇಡಿಯೊ ಸಂಕೇತ ಕಳಿಸುತ್ತದೆ. ಇದಕ್ಕೆ ಸೆಲ್ ಬೇಕು. ಇನ್ನೊಂದು, ಆ ಕಪ್ಪು ತುಂಡು, ಅಂದರೆ ಟ್ರಾನ್ಸ್‌ಪಾಂಡರ್ ಚಿಪ್. ಇದಕ್ಕೆ ಸೆಲ್ಲಿನ ಹಂಗಿಲ್ಲ. ಇಗ್ನಿಷನ್ ಬೀಗದ ಸುತ್ತ ತಾಮ್ರದ ತಂತಿ ಸುತ್ತಿದ ಒಂದು ಬಳೆ ಇರುತ್ತದೆ. ಬಹುತೇಕ ಗಾಡಿಗಳಲ್ಲಿ ಅದು 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರ ಹರಡುತ್ತದೆ. ಚಿಪ್ ಆ ಕ್ಷೇತ್ರದಿಂದಲೇ ವಿದ್ಯುತ್ ಪಡೆದು ಎಚ್ಚರಾಗಿ ತನ್ನ ಗುರುತು ಹೇಳುತ್ತದೆ. ಗುರುತು ಹೊಂದದಿದ್ದರೆ ಇಮೊಬಿಲೈಜರ್ ಎಂಬ ಕಳ್ಳತನ ತಡೆಯುವ ವ್ಯವಸ್ಥೆ ಇಂಧನವನ್ನೋ ಸ್ಟಾರ್ಟರನ್ನೋ ತಡೆಯುತ್ತದೆ. ಯುರೋಪಿನ ಒಕ್ಕೂಟದಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ಆಮೇಲೆ ಬಹಳಷ್ಟು ಕಡೆ ಮಾಮೂಲಾಯಿತು.

ಹಾಗಾಗಿ ಬಾಗಿಲು ತೆರೆಯದೆ ಎಂಜಿನ್ ಮಾತ್ರ ಸ್ಟಾರ್ಟ್ ಆಗುತ್ತಿದ್ದರೆ ಸೆಲ್, ಗುಂಡಿ, ಬೋರ್ಡಿನ ಬೆಸುಗೆ ನೋಡಿ. ಬಾಗಿಲು ತೆರೆದೂ ಎಂಜಿನ್ ನಿಂತುಹೋಗುತ್ತಿದ್ದರೆ ಅನುಮಾನ ಚಿಪ್ಪಿನ ಮೇಲೋ ಆ ಬಳೆಯ ಮೇಲೋ ಬೀಳಬೇಕು. ಸೆಲ್ ಎಷ್ಟು ಸಲ ಬದಲಾಯಿಸಿದರೂ ಅಲ್ಲಿ ಪ್ರಯೋಜನವಿಲ್ಲ.

ಸ್ಟಾರ್ಟ್ ಬಟನ್ ಇರುವ ಗಾಡಿಯ ಸ್ಮಾರ್ಟ್ ಕೀಯಲ್ಲಿ ಇವೆರಡರ ಜೊತೆಗೆ ಮೂರನೆಯ ಕೆಲಸವೂ ಇದೆ. ಗಾಡಿ ತನ್ನ ಸುತ್ತ ಒಂದೆರಡು ಮೀಟರಿನೊಳಗೆ ಕೀಯನ್ನು ಕೂಗುತ್ತದೆ, ಕೀ ಓಗೊಡುತ್ತದೆ. ಓಗೊಡಲು ಸೆಲ್ ಬೇಕು. ಸೆಲ್ ಸತ್ತರೆ "ಕೀ ಸಿಗುತ್ತಿಲ್ಲ" ಎಂಬ ಸಂದೇಶ ಬರುತ್ತದೆ, ಜನ ಟೋ ಮಾಡುವ ಗಾಡಿಗೆ ಫೋನ್ ಮಾಡುತ್ತಾರೆ. ಬೇಡ. ಕೀಯ ಪಕ್ಕದ ಸಣ್ಣ ಚಿಲಕ ಸರಿಸಿದರೆ ಒಳಗಿಂದ ಲೋಹದ ಅಲಗು ಹೊರಬರುತ್ತದೆ. ಚಾಲಕನ ಬಾಗಿಲಿನ ಹಿಡಿಯಲ್ಲಿ ಕೀ ತೂತು ಇರುತ್ತದೆ, ಎಷ್ಟೋ ಗಾಡಿಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅಡಗಿರುತ್ತದೆ. ಅದರಿಂದ ಒಳಗೆ ಹೋಗಿ. ಅಲಾರಂ ಕೂಗಿದರೆ ಹೆದರಬೇಡಿ, ಗಾಡಿ ಕೀಯನ್ನು ಗುರುತಿಸಿದ ಮೇಲೆ ನಿಲ್ಲುತ್ತದೆ. ಬ್ರೇಕ್ ತುಳಿದು, ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿ. ಕೆಲವು ಗಾಡಿಗಳಲ್ಲಿ ಆ ಜಾಗ ಕಪ್ ಇಡುವಲ್ಲೋ ಸ್ಟಿಯರಿಂಗ್ ಕೆಳಗೋ ಇರುತ್ತದೆ, ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತದೆ. ಸೆಲ್ ಬೇಡದ ಚಿಪ್ ಆಗ ಮಾತಾಡುತ್ತದೆ. ಈ ಒಂದು ಪುಟವನ್ನು ಇವತ್ತೇ, ಗಾಡಿ ಚೆನ್ನಾಗಿರುವಾಗಲೇ ಹುಡುಕಿ ಓದಿಡಿ. ಮಳೆಯಲ್ಲಿ ಕತ್ತಲಲ್ಲಿ ನಿಂತು ಅಳುವ ದನಿಯಲ್ಲಿ ಫೋನ್ ಮಾಡಿದವರಿಗೆ ಇದನ್ನು ಹೇಳಿಕೊಟ್ಟು ಫೋನಿನಲ್ಲೇ ಗಾಡಿ ಸ್ಟಾರ್ಟ್ ಮಾಡಿಸಿದ್ದೇನೆ.

ಸೆಲ್ ವಿಷಯಕ್ಕೆ ಬರೋಣ, ಯಾಕೆಂದರೆ ತಪ್ಪುಗಳೆಲ್ಲ ಇಲ್ಲೇ ಗುಂಪುಗಟ್ಟಿವೆ. ಸೆಲ್ಲಿನ ಮೇಲೆ ಬರೆದಿರುವ ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಅಷ್ಟೇ ಅಗಲ, ದಪ್ಪ ಮಾತ್ರ 2.5. ಎರಡೂ ಮೂರು ವೋಲ್ಟಿನವೇ, ನೋಡಲೂ ಅಣ್ಣತಮ್ಮಂದಿರ ಹಾಗೆ. 2032 ಕೂರಬೇಕಾದಲ್ಲಿ 2025 ಹಾಕಿದರೆ ಆಗೊಮ್ಮೆ ಈಗೊಮ್ಮೆ ತಾಗುತ್ತದೆ, ಕೀ ಒಂದು ದಿನ ಕೆಲಸ ಮಾಡಿ ಮೂರು ದಿನ ಮಾಡುವುದಿಲ್ಲ. ಮಲ್ಟಿಮೀಟರಿನಲ್ಲಿ ಮೂರು ವೋಲ್ಟ್ ತೋರಿಸಿತೆಂದು ಸೆಲ್ ಚೆನ್ನಾಗಿದೆ ಎನ್ನಲಾಗದು. ಮುದಿ ಸೆಲ್ ಸುಮ್ಮನಿರುವಾಗ ವೋಲ್ಟೇಜ್ ತೋರಿಸುತ್ತದೆ, ಗುಂಡಿ ಒತ್ತಿದ ಕೂಡಲೇ ಕುಸಿಯುತ್ತದೆ. ಮೊದಲು ದೂರದಿಂದ ತೆರೆಯುತ್ತಿದ್ದ ಗಾಡಿ ಈಗ ಹತ್ತಿರ ಹೋದರೆ ಮಾತ್ರ ತೆರೆಯುತ್ತಿದೆಯೆಂದರೆ ಮೀಟರೇ ಬೇಡ.

ಹೊಸ ಸೆಲ್ ಹಾಕಿಯೂ ಕೆಲಸ ಮಾಡದಿದ್ದರೆ ಎರಡು ಕಡೆ ನೋಡಿ. ಒಳಗಿನ ತಗಡಿನ ಸ್ಪ್ರಿಂಗ್ ಚಪ್ಪಟೆಯಾಗಿದ್ದರೆ ಒಂದಿಷ್ಟು ಮೇಲೆತ್ತಿ. ಮಕ್ಕಳು ನುಂಗದಿರಲಿ ಎಂದು ಕೆಲವು ಸೆಲ್‌ಗಳಿಗೆ ಕಹಿ ಲೇಪನ ಬಳಿದಿರುತ್ತಾರೆ; ಕೆಲವು ಕೀಗಳಲ್ಲಿ ಅದೇ ಲೇಪನ ಸಂಪರ್ಕ ತಪ್ಪಿಸುತ್ತದೆ, ಒಣ ಬಟ್ಟೆಯಿಂದ ಒರೆಸಿ ನೋಡಿ. ಆ ಲೇಪನಕ್ಕೆ ಕಾರಣವಿದೆ. ನುಂಗಿದ ಗುಂಡಿ ಸೆಲ್ ಎರಡೇ ಗಂಟೆಯಲ್ಲಿ ಮಗುವಿನ ಅನ್ನನಾಳ ಸುಟ್ಟುಬಿಡಬಲ್ಲದು. ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

"ಸೆಲ್ ತೆಗೆದರೆ ಪ್ರೋಗ್ರಾಂ ಅಳಿಸಿಹೋಗುತ್ತೆ" ಎಂಬ ಭಯ ಎಲ್ಲರಿಗೂ ಇದೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಕೀಯ ಗುರುತು ವಿದ್ಯುತ್ ಇಲ್ಲದೆಯೂ ಉಳಿಯುವ ಮೆಮೊರಿಯಲ್ಲಿರುತ್ತದೆ. ರಿಮೋಟ್ ಪ್ರತಿ ಒತ್ತಿಗೂ ಹೊಸ ಸಂಕೇತ ಕಳಿಸುತ್ತದೆ, ಗಾಡಿಯೂ ಲೆಕ್ಕ ಇಟ್ಟುಕೊಂಡಿರುತ್ತದೆ. ಗಾಡಿಯಿಂದ ದೂರದಲ್ಲಿ ಮಗು ಆಟವಾಡುತ್ತ ನೂರಾರು ಸಲ ಒತ್ತಿದರೆ ಇಬ್ಬರ ಲೆಕ್ಕ ತಪ್ಪುತ್ತದೆ. ಎಷ್ಟೋ ಗಾಡಿಗಳಲ್ಲಿ ಹತ್ತಿರ ನಿಂತು ಎರಡು ಸಲ ಬೆನ್ನುಬೆನ್ನಿಗೆ ಒತ್ತಿದರೆ ಅಥವಾ ಕೀ ಹಾಕಿ ಇಗ್ನಿಷನ್ ಆನ್ ಮಾಡಿದರೆ ಲೆಕ್ಕ ಮತ್ತೆ ಹೊಂದುತ್ತದೆ.

ಕೀ ಬಟ್ಟೆಯ ಜೊತೆ ನೀರಿಗೆ ಬಿತ್ತೆ? ಗುಂಡಿ ಒತ್ತಿ ಪರೀಕ್ಷಿಸಬೇಡಿ, ಮೊದಲು ಸೆಲ್ ತೆಗೆಯಿರಿ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಗಾಳಿಗೆ ಒಣಗಿಸಿ. ಅಕ್ಕಿಯಲ್ಲಿ ಹೂತಿಡುವುದರಿಂದ ಧೂಳು ಸೇರುತ್ತದೆ, ಅಷ್ಟೇ.

ಎರಡನೆಯ ಕೀ ಇದ್ದರೆ ಅದೇ ಅತ್ಯುತ್ತಮ ಪರೀಕ್ಷಾ ಯಂತ್ರ. ಅದೂ ಕೆಲಸ ಮಾಡದಿದ್ದರೆ ತಪ್ಪು ಗಾಡಿಯದ್ದು: 12 ವೋಲ್ಟಿನ ಬ್ಯಾಟರಿ ಇಳಿದಿರಬಹುದು, ಫ್ಯೂಸ್ ಹೋಗಿರಬಹುದು, ಇಲ್ಲವೇ ಪಕ್ಕದಲ್ಲಿ ಯಾವುದೋ ಉಪಕರಣ ಗಲಾಟೆ ಎಬ್ಬಿಸುತ್ತಿರಬಹುದು. ಒಂದು ಕಾರು ವಾರಕ್ಕೆರಡು ಸಲ ಕೀಯನ್ನು ಗುರುತಿಸುತ್ತಿರಲಿಲ್ಲ. ಕೀ ಬದಲಾಯಿಸಿ ಆಗಿತ್ತು, ಆಂಟೆನಾ ಬದಲಾಯಿಸಿ ಆಗಿತ್ತು. ನಾನು ಕೂತು ನೋಡುತ್ತ ನೋಡುತ್ತ ಮೊಬೈಲ್ ಚಾರ್ಜರನ್ನು ಸಾಕೆಟ್ಟಿನಿಂದ ಕಿತ್ತೆ. ಬಟನ್ ಒತ್ತಿದೆ, ಸ್ಟಾರ್ಟ್. ಮತ್ತೆ ಚುಚ್ಚಿದೆ, ಇಲ್ಲ. ಅಗ್ಗದ ಚಾರ್ಜರ್, ಡ್ಯಾಶ್ ಕ್ಯಾಮೆರಾ, ಹೊರಗಿನಿಂದ ಹಾಕಿಸಿದ ಎಲ್‌ಇಡಿ ದೀಪ, ಇವೆಲ್ಲವನ್ನೂ ಕಿತ್ತು ನೋಡದೆ ಹೊಸ ಕೀಗೆ ದುಡ್ಡು ಕೊಡಬೇಡಿ. ಫೋನು, ಸ್ಮಾರ್ಟ್ ಕೀ ಒಂದೇ ಜೇಬಿನಲ್ಲಿದ್ದರೂ ಇದೇ ಗೋಳು ಆಗಬಹುದು.

ಇಷ್ಟೆಲ್ಲ ಆದಮೇಲೂ ಪ್ರೋಗ್ರಾಮಿಂಗ್ ಬೇಕೇ ಬೇಕಾದಾಗ, ಕೆಲಸ ಮಾಡುವ ಒಂದು ಕೀ ಇದೆಯೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದಿದ್ದರೆ ಇನ್ನೊಂದು ಸೇರಿಸುವುದು ಅನೇಕ ಗಾಡಿಗಳಲ್ಲಿ ನಿಮಿಷಗಳ ಕೆಲಸ. ಒಂದೂ ಇಲ್ಲದಿದ್ದರೆ ತಯಾರಕರಿಂದ ಕೋಡ್ ತರಿಸಬೇಕಾಗಬಹುದು, ಗಾಡಿಯೊಳಗಿನ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ, ಅಂದರೆ ಮಾಡ್ಯೂಲ್ ಬಿಚ್ಚಿ ಮೆಮೊರಿ ಓದಬೇಕಾಗಬಹುದು, ದಿನವೇ ಹೋಗುತ್ತದೆ. ಅದಕ್ಕೇ ಎರಡರಲ್ಲಿ ಒಂದು ಕೀ ಕಳೆದುಹೋದರೆ ಅದೇ ವಾರ ಹೊಸದು ಮಾಡಿಸಿ ಎಂದು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ಕೆಲಸಗಾರ ಬಂದಾಗ ಗಾಡಿಯ ಬ್ಯಾಟರಿಗೆ ಹೊರಗಿನಿಂದ ವಿದ್ಯುತ್ ಸಪ್ಲೈ ಜೋಡಿಸುತ್ತಾನೆಯೇ ನೋಡಿ. ನಡುವೆ ವೋಲ್ಟೇಜ್ ಕುಸಿದರೆ ಮಾಡ್ಯೂಲೇ ಕೆಡಬಹುದು. ಮನೆಯಲ್ಲಿರುವ ಎಲ್ಲ ಕೀಗಳನ್ನೂ ತಂದಿಡಿ, ಕೆಲವು ಗಾಡಿಗಳು ಹೊಸ ಕೀ ಕಲಿಯುವಾಗ ಹಳೆಯದನ್ನೆಲ್ಲ ಮರೆಯುತ್ತವೆ. ಬೇರೆ ಗಾಡಿಯ ಹಳೆಯ ಸ್ಮಾರ್ಟ್ ಕೀ ಅಗ್ಗವೆಂದು ಕೊಳ್ಳುವ ಮುಂಚೆ ಕೇಳಿ. ಹಲವು ಬಗೆಯ ಕೀಗಳು ಮೊದಲ ಗಾಡಿಗೇ ಗಂಟುಬಿದ್ದಿರುತ್ತವೆ. ನಿಮ್ಮ ಗುರುತಿನ ಚೀಟಿ, ಗಾಡಿಯ ದಾಖಲೆ ಕೇಳದೆ ಕೀ ಮಾಡಿಕೊಡುವವನನ್ನು ನಂಬಬೇಡಿ. ನಿಮಗೆ ಕೇಳದವನು ಕಳ್ಳನಿಗೂ ಕೇಳುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ನೀವೇ ಕೇಳಬೇಕು: ಗಾಡಿಯ ಮೆಮೊರಿಯಲ್ಲಿ ಒಟ್ಟು ಎಷ್ಟು ಕೀಗಳಿವೆ? ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಓಬಿಡಿ ಸಾಕೆಟ್ಟಿಗೆ, ಅಂದರೆ ಗಾಡಿಯ ದೋಷ ಪರೀಕ್ಷಿಸುವ ಸಾಕೆಟ್ಟಿಗೆ, ಯಂತ್ರ ಜೋಡಿಸಿದರೆ ಬಹಳಷ್ಟು ಗಾಡಿಗಳಲ್ಲಿ ಆ ಸಂಖ್ಯೆ ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದ ಒಬ್ಬ ಮಹಿಳೆ ರಿಮೋಟ್ ಗುಂಡಿ ಸವೆದಿದೆಯೆಂದು ಕರೆಸಿದ್ದರು. ಅವರ ಕೈಯಲ್ಲಿ ಎರಡು ಕೀ, ಪರದೆಯಲ್ಲಿ ನಾಲ್ಕು. ಪರದೆಯನ್ನು ಅವರ ಕಡೆ ತಿರುಗಿಸಿದೆ.

"ಉಳಿದೆರಡು ಯಾರ ಹತ್ರ ಇವೆ?" ಎಂದರು.

ನನಗೆ ತಿಳಿಯುವ ದಾರಿ ಇರಲಿಲ್ಲ. ನಾಲ್ಕನ್ನೂ ಅಳಿಸಿ, ಕೈಯಲ್ಲಿದ್ದ ಎರಡನ್ನು ಮತ್ತೆ ಕಲಿಸಿದೆ. ಒಂದೊಂದರಲ್ಲೂ ಎಂಜಿನ್ ಸ್ಟಾರ್ಟ್ ಮಾಡಿ, ಒಂದೊಂದರಲ್ಲೂ ಬಾಗಿಲು ಹಾಕಿ ತೆಗೆದು ತೋರಿಸಿದೆ. ಯಾರ ಹತ್ತಿರವೋ ಇರುವ ಉಳಿದೆರಡು ಕೀಗಳ ಚಿಪ್ ಇನ್ನು ಗಾಡಿಯನ್ನು ಸ್ಟಾರ್ಟ್ ಮಾಡಲಾರದು, ಆದರೆ ಅವುಗಳ ಲೋಹದ ಅಲಗು ಬಾಗಿಲನ್ನು ಇನ್ನೂ ತೆರೆಯುತ್ತದೆ ಎಂಬುದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಬಾಗಿಲಿನ ಬೀಗದ ಸಿಲಿಂಡರನ್ನೂ ಬದಲಾಯಿಸಿ ಎಂದರು.