ಏರ್ ಫ್ರೈಯರ್‌ನ ಸ್ಟಫಿಂಗ್ ಉಂಡೆ: ಬಣ್ಣ ಬರುತ್ತದೆ, ಗರಿಗರಿ ಯಾಕೆ ಬರುವುದಿಲ್ಲ?

ಪ್ರಶ್ನೆ: ರೋಸ್ಟ್ ಚಿಕನ್ ಜೊತೆಗೆ ಬಡಿಸುವ ಬ್ರೆಡ್ ಸ್ಟಫಿಂಗ್ ಉಂಡೆಯನ್ನು ಏರ್ ಫ್ರೈಯರ್‌ನಲ್ಲಿ ಮಾಡುತ್ತಿದ್ದೇನೆ. ಬಣ್ಣವೇನೋ ಚೆನ್ನಾಗಿ ಬರುತ್ತದೆ, ಆದರೆ ಕಚ್ಚಿದರೆ ಮೆತ್ತಗೆ. ಇನ್ನೂ ಸ್ವಲ್ಪ ಹೊತ್ತು ಇಟ್ಟರೆ ಕಲ್ಲು, ಇಲ್ಲವೇ ಬಿರಿದು ಪುಡಿಪುಡಿ. ತಪ್ಪುತ್ತಿರುವುದು ಎಲ್ಲಿ? ತತ್ತಿ ಹಾಕದೆಯೂ ಮಾಡಬಹುದೇ? (ಗಂಗಾವತಿಯ ಓದುಗರೊಬ್ಬರು)

ಉತ್ತರ: ಎರಡು ಕಡೆ ತಪ್ಪುತ್ತಿದೆ. ಒಂದು ಬ್ರೆಡ್ಡಿನಲ್ಲಿ, ಇನ್ನೊಂದು ನೀರಿನ ಲೆಕ್ಕದಲ್ಲಿ. ಮಷಿನ್ನಿನದು ತಪ್ಪಿಲ್ಲ.

ಮೊದಲು ಬ್ರೆಡ್. ನಮ್ಮ ಕಡೆಯ ಬೇಕರಿಗಳಲ್ಲಿ ಸಿಗುವ ಮಿಲ್ಕ್ ಬ್ರೆಡ್, ಬನ್ ಎಲ್ಲವೂ ಸಿಹಿ. ಸಕ್ಕರೆ ಇರುವ ಹಿಟ್ಟು ಬೇಗ ಕೆಂಪಾಗುತ್ತದೆ. 200 ಡಿಗ್ರಿಗೆ ಇಟ್ಟರೆ ಐದಾರು ನಿಮಿಷದಲ್ಲೇ ಹೊಂಬಣ್ಣ ಬಂದುಬಿಡುತ್ತದೆ, ಆಯಿತೆಂದು ತೆಗೆಯುತ್ತೀರಿ. ಆದರೆ ಹೊರಪದರದ ಪಸೆ ಆಗಿನ್ನೂ ಪೂರ್ತಿ ಆರಿರುವುದಿಲ್ಲ. ಬಣ್ಣ ಕಂಡು ಮೋಸಹೋಗುವುದು ಇಲ್ಲಿಯೇ. ಈ ಪಾಕವಿಧಾನ ಬಂದಿರುವುದು ಇಂಗ್ಲೆಂಡಿನ ಕಡೆಯಿಂದ. ಬ್ರೆಡ್ ಚೂರು, ಉಳ್ಳಾಗಡ್ಡಿ, ಸೇಜ್ ಎಂಬ ಸೊಪ್ಪು, ಬೆಣ್ಣೆ ಕಲಸಿ ಕೋಳಿಯ ಹೊಟ್ಟೆಯೊಳಗೆ ತುಂಬುವುದು, ಇಲ್ಲವೇ ಉಂಡೆ ಕಟ್ಟಿ ಬೇರೆಯಾಗಿ ಓವನ್‌ನಲ್ಲಿ ಬೇಯಿಸುವುದು ಅಲ್ಲಿನ ರೂಢಿ. ಅಲ್ಲಿ ಬಳಸುವ ಬ್ರೆಡ್ ಹೆಚ್ಚಾಗಿ ಸಪ್ಪೆ. ಅವರು ಬರೆದ ಡಿಗ್ರಿ, ನಿಮಿಷಗಳನ್ನು ನಮ್ಮ ಸಿಹಿ ಬ್ರೆಡ್ಡಿಗೆ ಹಾಗೆಯೇ ಹಚ್ಚಿದರೆ ನಡೆಯುವುದಿಲ್ಲ. ಸಿಹಿ ಕಡಿಮೆ ಇರುವ ಪಾವ್ ಸಿಕ್ಕರೆ ಅದೇ ಒಳ್ಳೆಯದು. ಮಿಲ್ಕ್ ಬ್ರೆಡ್ಡೇ ಗತಿಯಾದರೆ 170 ಡಿಗ್ರಿ ದಾಟಬೇಡಿ.

ಇನ್ನು ನೀರು. ಏರ್ ಫ್ರೈಯರ್ ಎಂದರೆ ಮೇಲ್ಗಡೆ ಕಾಯಿಲ್, ಅದರ ಬಿಸಿಯನ್ನು ಕೆಳಕ್ಕೆ ನೂಕುವ ಫ್ಯಾನ್ ಇರುವ ಪುಟ್ಟ ಓವನ್, ಅಷ್ಟೇ. ಕಡಾಯಿಯಲ್ಲಿ ಕಾದ ಎಣ್ಣೆ ಉಂಡೆಯ ಮೈಯನ್ನೆಲ್ಲ ಒಮ್ಮೆಲೇ ಹಿಡಿಯುತ್ತದೆ. ಗಾಳಿಗೆ ಆ ಶಕ್ತಿ ಇಲ್ಲ. ಅದು ಮೊದಲು ಮೇಲಿನ ಪಸೆಯನ್ನು ಆರಿಸಬೇಕು. ಮೇಲ್ಮೈ ಒದ್ದೆ ಇರುವಷ್ಟು ಹೊತ್ತು ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಗರಿಗರಿ ಬರುವುದು ಪಸೆ ಆರಿದ ಮೇಲೆ, ಹುರಿದ ವಾಸನೆ ಸುಮಾರು 140ರ ಆಚೆಗೆ. ಉಂಡೆಯೊಳಗೆ ನೀರು ಜಾಸ್ತಿ ಇದ್ದರೆ ಹಬೆ ಬರುತ್ತಲೇ ಇರುತ್ತದೆ, ಆಗುತ್ತಿರುವ ಗರಿಯನ್ನು ಮತ್ತೆ ಮೆತ್ತಗೆ ಮಾಡುತ್ತದೆ. ನೀರು ಕಡಿಮೆ ಇದ್ದರೆ ಹೊರಗೆ ಗರಿಯಾಗುವಷ್ಟರಲ್ಲಿ ಒಳಗೂ ಒಣಗಿರುತ್ತದೆ. ನಿಮ್ಮ ಕಲ್ಲು ಇದೇ. ಹಾಗಾಗಿ ಒಂದೇ ಹದದ ಉಂಡೆ ಕಟ್ಟಿದರೆ ಸಾಲದು. ಒಳಗಿನ ಹದ ಬೇರೆ, ಹೊರಗಿನದು ಬೇರೆ. ಒಳಗೆ ಹಸಿ, ಹೊರಗೆ ಒಣ, ಒಣದ ಮೇಲೆ ತೆಳ್ಳಗೆ ಎಣ್ಣೆ.

ಹೊರಗಿನ ಒಣ ಪದರಕ್ಕೆ ಅಂಗಡಿಯ ಬ್ರೆಡ್ ಕ್ರಂಬ್ಸ್ ಹುಡುಕಬೇಕಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಮನೆಗಳಲ್ಲಿ ಖಡಕ್ ಜೋಳದ ರೊಟ್ಟಿ ಇದ್ದೇ ಇರುತ್ತದೆ. ಎರಡು ರೊಟ್ಟಿ ಮುರಿದು, ಸಣ್ಣ ರವೆಯಷ್ಟು ತರಿಯಾಗಿ ಪುಡಿ ಮಾಡಿಕೊಳ್ಳಿ. ಜೋಳದಲ್ಲಿ ಗೋಧಿಯಂತೆ ಜಿಗುಟಿಲ್ಲ. ಉಂಡೆ ಕಟ್ಟಲು ಅದು ಕೆಲಸಕ್ಕೆ ಬಾರದು, ಆದರೆ ಆ ಕಾರಣಕ್ಕೇ ಹೊರಗೆ ಕರಕರ ಎನ್ನುತ್ತದೆ. ರೊಟ್ಟಿ ಆಗಲೇ ಬೆಂದು ಒಣಗಿದ್ದು, ಅದನ್ನು ಒಣಗಿಸಲು ಗಾಳಿ ಹೆಣಗಬೇಕಿಲ್ಲ. ಸಕ್ಕರೆಯೂ ಇಲ್ಲ, ಬೇಗ ಕಪ್ಪಾಗುವುದಿಲ್ಲ. ಬ್ರೆಡ್ ಕ್ರಂಬ್ಸ್‌ಗಿಂತ ಇದೇ ಮೇಲು ಎಂದು ಧೈರ್ಯವಾಗಿ ಹೇಳಬಹುದು. ಒಂದು ಎಚ್ಚರಿಕೆ: ರೊಟ್ಟಿ ಪುಡಿಯನ್ನು ಒಳಗೂ ಸುರಿದರೆ ಉಂಡೆ ಬಿರಿಯುವುದು ಖಂಡಿತ.

ಅಳತೆ, ತಲಾ 30 ಗ್ರಾಮಿನ ಸುಮಾರು 15 ಉಂಡೆಗೆ: ಒಂದು ದಿನ ಹಳೆಯ ಬ್ರೆಡ್ ಅಥವಾ ಪಾವ್ 200 ಗ್ರಾಂ, ಉಳ್ಳಾಗಡ್ಡಿ 150 ಗ್ರಾಂ (ಎರಡು ಮಧ್ಯಮ), ಬೆಣ್ಣೆ 40 ಗ್ರಾಂ, ತತ್ತಿ ಒಂದು, ಚಿಕನ್ ಅಥವಾ ತರಕಾರಿ ಬೇಯಿಸಿದ ನೀರು 60ರಿಂದ 80 ಮಿಲಿ, ಉಪ್ಪು ಮುಕ್ಕಾಲು ಟೀ ಚಮಚ, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ, ಓಂಕಾಳು ಕಾಲು ಟೀ ಚಮಚ, ದೊಡ್ಡಪತ್ರೆ ಎಲೆ ನಾಲ್ಕು, ಕೊತ್ತಂಬರಿ ಒಂದು ಹಿಡಿ. ಹೊರಗೆ ಹೊರಳಿಸಲು ರೊಟ್ಟಿ ಪುಡಿ 40 ಗ್ರಾಂ, ಸವರಲು ಶೇಂಗಾ ಎಣ್ಣೆ ಎರಡು ಟೀ ಚಮಚ.

ಸೇಜ್ ಸೊಪ್ಪು ಬಳ್ಳಾರಿ ಮಾರ್ಕೆಟ್‌ನಲ್ಲಿ ಹುಡುಕಿ ದಣಿಯಬೇಡಿ. ಸ್ಟಫಿಂಗ್‌ಗೆ ಹಾಕುವ ಇನ್ನೊಂದು ಸೊಪ್ಪು ಥೈಮ್. ಅದರ ಘಮಕ್ಕೆ ಕಾರಣವಾದ ಥೈಮಾಲ್ ನಮ್ಮ ಓಂಕಾಳಿನಲ್ಲೂ ಇದೆ. ಓಂಕಾಳಿನ ಖಾರ ಜೋರು, ಕಾಲು ಚಮಚದ ಮೇಲೆ ಒಂದು ಕಾಳೂ ಬೇಡ. ದೊಡ್ಡಪತ್ರೆ ಅದಕ್ಕೆ ಹಸಿ ಸೊಪ್ಪಿನ ಜೊತೆ ಕೊಡುತ್ತದೆ. ಗುರೆಳ್ಳು ಪುಡಿ, ಶೇಂಗಾ ಪುಡಿ ಸೇರಿಸುವ ಆಸೆಯಿದ್ದರೆ ಒಂದು ಚಮಚ ಒಳಗೆ ಕಲಸಿ. ಹೊರಗೆ ಹಚ್ಚಿದರೆ ಸುಟ್ಟು ಕಹಿಯಾಗುತ್ತದೆ.

ಬ್ರೆಡ್ ಒಣಗಿಸುವ ವಿಷಯದಲ್ಲಿ ನಮ್ಮ ಊರುಗಳಿಗೊಂದು ಅನುಕೂಲವಿದೆ. ಏಪ್ರಿಲ್, ಮೇ ತಿಂಗಳಲ್ಲಿ ತುಂಡು ಮಾಡಿ ಬಟ್ಟೆ ಮುಚ್ಚಿ ಮಾಳಿಗೆ ಮೇಲಿಟ್ಟರೆ ಗಂಟೆಯೊಳಗೆ ಬೇಕಾದಷ್ಟು ಆರಿರುತ್ತದೆ. ಅದಕ್ಕೂ ಹೆಚ್ಚು ಬಿಟ್ಟರೆ ಟೋಸ್ಟ್ ಆಗಿಬಿಡುತ್ತದೆ. ಮಳೆಗಾಲದಲ್ಲಿ ಏರ್ ಫ್ರೈಯರ್‌ನಲ್ಲೇ 120 ಡಿಗ್ರಿಗೆ ಆರು ನಿಮಿಷ ಇಡಿ. ಮುಟ್ಟಿದರೆ ಮೇಲೆ ಒಣ, ಒತ್ತಿದರೆ ಒಳಗೆ ಇನ್ನೂ ಮೆತ್ತಗೆ, ಇದು ಹದ. ಮಿಕ್ಸಿಯಲ್ಲಿ ತಡೆತಡೆದು ತಿರುವಿ, ತರಿಯಾಗಿಯೇ ಉಳಿಯಲಿ. ಹಿಟ್ಟಿನಷ್ಟು ನುಣ್ಣಗಾದರೆ ನೀರು ತಾಗಿದ ಕೂಡಲೇ ಅಂಟಾಗಿ, ಬೆಂದ ಮೇಲೆ ರಬ್ಬರಿನಂತೆ ಕೂರುತ್ತದೆ.

ಉಳ್ಳಾಗಡ್ಡಿಯನ್ನು ಹಸಿಯಾಗಿ ಹಾಕುವವರೇ ಹೆಚ್ಚು, ಉಂಡೆ ಬಿರಿಯಲು ದೊಡ್ಡ ಕಾರಣವೂ ಅದೇ. ಉಪ್ಪು ಸೋಕಿದ ಹಸಿ ಉಳ್ಳಾಗಡ್ಡಿ ನೀರು ಬಿಡುತ್ತದೆ, ಆ ನೀರು ಒಳಗೆ ಹಬೆಯಾಗಿ ಗಟ್ಟಿಯಾದ ಹೊರಪದರವನ್ನು ಒಡೆದು ಹೊರಬರುತ್ತದೆ. ಸಣ್ಣಗೆ ಹೆಚ್ಚಿ, ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ಬಾಡಿಸಿ. ಕೆಂಪಾಗಬಾರದು, ಮೆತ್ತಗಾಗಿ ಪಸೆ ಇಂಗಿರಬೇಕು. ಓಂಕಾಳು ಕೊನೆಗೆ ಇದಕ್ಕೇ ಹಾಕಿ. ಪೂರ್ತಿ ಆರಿದ ಮೇಲೆಯೇ ಬ್ರೆಡ್ಡಿಗೆ ಸೇರಿಸಿ; ಬಿಸಿಯಿದ್ದರೆ ತತ್ತಿ ಅಲ್ಲೇ ಬೆಂದು ಹಿಡಿತ ಹೋಗುತ್ತದೆ.

ಎಲ್ಲ ಬೆರೆಸಿ, ಬೇಯಿಸಿದ ನೀರಿನಲ್ಲಿ 60 ಮಿಲಿ ಮಾತ್ರ ಹಾಕಿ ಇಪ್ಪತ್ತು ನಿಮಿಷ ಮುಚ್ಚಿಡಿ. ಈ ಇಪ್ಪತ್ತು ನಿಮಿಷ ತಪ್ಪಿಸಬೇಡಿ. ಬ್ರೆಡ್ ತರಿ ನೀರನ್ನು ನಿಧಾನ ಕುಡಿಯುತ್ತದೆ. ಕಲಸಿದ ಕೂಡಲೇ ಜಾರು ಎನಿಸಿದ್ದು ಆಮೇಲೆ ಸರಿಯಾಗಿರುತ್ತದೆ. ನಂತರ ಒಂದು ಉಂಡೆ ಹಿಸುಕಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಅಂಚು ಸೀಳಿದರೆ ಒಂದು ಚಮಚ ನೀರು ಬೇಕು. ಅಂಗೈಗೆ ಮೆತ್ತಿಕೊಂಡರೆ ಒಂದು ಚಮಚ ಬ್ರೆಡ್ ತರಿ ಬೇಕು.

ತತ್ತಿ ಬೇಡವೆಂದರೆ ಅಗಸಿ ಇದೆ. ಹುರಿಯದ ಅಗಸಿ ಪುಡಿ ಒಂದು ದೊಡ್ಡ ಚಮಚ, ನೀರು ಮೂರು ದೊಡ್ಡ ಚಮಚ ಕದಡಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ಇದರ ಜೊತೆ ಎರಡು ದೊಡ್ಡ ಚಮಚ ಕಡಲೆಹಿಟ್ಟನ್ನು ಹಸಿವಾಸನೆ ಹೋಗುವಷ್ಟು ಹುರಿದು ಹಾಕಿ. ಅಗಸಿ ಹಸಿಯಲ್ಲಿ ಹಿಡಿಯುತ್ತದೆ, ಕಡಲೆಹಿಟ್ಟು ಬೆಂದ ಮೇಲೆ ಹಿಡಿಯುತ್ತದೆ. ಒಂದನ್ನೇ ನಂಬಿದರೆ ಅರ್ಧ ಕೆಲಸ. ಬೇಯಿಸಿದ ನೀರನ್ನು 50 ಮಿಲಿಗೆ ಇಳಿಸಿ. ಆಲೂಗಡ್ಡೆಯೂ ಹಿಡಿಯುತ್ತದೆ ನಿಜ, ಆದರೆ ಆಗ ಅದು ಸ್ಟಫಿಂಗ್ ಅಲ್ಲ, ಕಟ್ಲೆಟ್.

ಉಂಡೆ ಕಟ್ಟುವಾಗ ಕೈಗೆ ನೀರಲ್ಲ, ಎಣ್ಣೆ ಸವರಿಕೊಳ್ಳಿ. ದೊಡ್ಡ ನಿಂಬೆಹಣ್ಣಿನ ಗಾತ್ರ ಸಾಕು. ಗಟ್ಟಿಯಾಗಿ ಅದುಮಬೇಡಿ, ಹಬೆಗೆ ದಾರಿ ಉಳಿಯಲಿ. ರೊಟ್ಟಿ ಪುಡಿಯಲ್ಲಿ ಹೊರಳಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಚಳಿಗಾಲದಲ್ಲಿ ಇದನ್ನು ಬಿಟ್ಟರೂ ನಡೆದೀತು. ಬೇಸಿಗೆಯಲ್ಲಿ ಅಡುಗೆಮನೆ 40 ಡಿಗ್ರಿಗೆ ಹತ್ತಿರವಿರುವಾಗ ಬೆಣ್ಣೆ ಕರಗಿ ಉಂಡೆ ಕೂತಲ್ಲೇ ಚಪ್ಪಟೆಯಾಗುತ್ತದೆ, ಆಗ ಫ್ರಿಜ್ ಬೇಕೇ ಬೇಕು.

ಮಷಿನ್ ಅನ್ನು 180 ಡಿಗ್ರಿಗೆ ನಾಲ್ಕು ನಿಮಿಷ ಖಾಲಿ ಕಾಯಿಸಿ. ಮಿಲ್ಕ್ ಬ್ರೆಡ್ ಆದರೆ 170. ಉಂಡೆಗಳ ಮೇಲೆ ಎಣ್ಣೆಯನ್ನು ಬ್ರಷ್ಷಿನಿಂದ ಸವರಿ, ಎಲ್ಲೂ ಬಿಳಿ ಪುಡಿ ಕಾಣಬಾರದು. ಎಣ್ಣೆ ತಾಗದ ಪುಡಿ ಬೇಯುವುದಿಲ್ಲ, ಧೂಳಿನಂತೆ ಉದುರುತ್ತದೆ. ಒಂದಕ್ಕೊಂದು ಬೆರಳಷ್ಟು ಅಂತರ ಬಿಟ್ಟು ಇಡಿ. ನಾಲ್ಕು ಲೀಟರ್ ಬುಟ್ಟಿಗೆ ಒಂದು ಸಲಕ್ಕೆ ಎಂಟು-ಒಂಬತ್ತು, ಉಳಿದದ್ದು ಎರಡನೇ ಸರದಿಗೆ. ಏಳು ನಿಮಿಷದವರೆಗೆ ಮುಟ್ಟಬೇಡಿ, ಅಷ್ಟರಲ್ಲಿ ಮೈ ಗಟ್ಟಿಯಾಗಿರುತ್ತದೆ. ನಂತರ ಇಕ್ಕಳದಿಂದ ತಿರುವಿ ಇನ್ನೂ ನಾಲ್ಕರಿಂದ ಐದು ನಿಮಿಷ. ಪಾವ್‌ನದಾದರೆ ಕೊನೆಯ ಎರಡು ನಿಮಿಷ 200ಕ್ಕೆ ಏರಿಸಿ. ತೆಗೆದವನ್ನು ತಟ್ಟೆಯಲ್ಲಿ ರಾಶಿ ಹಾಕಿದರೆ ಅಡಿಯ ಹಬೆಗೆ ಗರಿಯೆಲ್ಲ ಹೋಗುತ್ತದೆ, ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ.

ಬುಟ್ಟಿಯ ತಳಕ್ಕೆ ಬಟರ್ ಪೇಪರ್ ಹಾಸುವ ಅಭ್ಯಾಸವಿದ್ದರೆ ಈ ಉಂಡೆಗೆ ಬಿಡಿ. ತೂತು ಮುಚ್ಚಿದರೆ ಅಡಿಭಾಗ ಮೆತ್ತಗೇ ಉಳಿಯುತ್ತದೆ. ಖಾಲಿ ಕಾಯಿಸುವಾಗ ಪೇಪರ್ ಇದ್ದರಂತೂ ಗಾಳಿಗೆ ಎದ್ದು ಕಾಯಿಲ್‌ಗೆ ತಾಗಿ ಹೊತ್ತಿಕೊಳ್ಳಬಹುದು. ಒತ್ತಿದರೆ ನೊರೆಯಂತೆ ಬರುವ ಎಣ್ಣೆ ಸ್ಪ್ರೇ ಡಬ್ಬಿಗಳೂ ಬೇಡ, ಅದರಲ್ಲಿ ಬೆರೆಸಿದ ಪದಾರ್ಥ ನಾನ್‌ಸ್ಟಿಕ್ ಮೇಲೆ ಅಂಟಂಟಾಗಿ ಕೂತು ಪದರ ಕೆಡಿಸುತ್ತದೆ.

ಇದೆಲ್ಲ ಸರಿಯಿದ್ದೂ ಸಂಜೆ ಮಾಡಿದ ಉಂಡೆ ಮಾತ್ರ ಬೆಳ್ಳಗೆ ಉಳಿದರೆ ವೋಲ್ಟೇಜ್ ನೋಡಿ. ಕಾಯಿಲ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230 ವೋಲ್ಟ್‌ಗೆ 1,500 ವ್ಯಾಟ್ ಕೊಡುವ ಕಾಯಿಲ್ 200 ವೋಲ್ಟ್‌ನಲ್ಲಿ ಕೊಡುವುದು ಸುಮಾರು 1,130 ವ್ಯಾಟ್. ಕಾಯಲು ಹೆಚ್ಚು ಹೊತ್ತು ಬೇಕು, ಬುಟ್ಟಿ ಎಳೆದಾಗ ಇಳಿದ ಬಿಸಿ ಮತ್ತೆ ಏರುವುದೂ ನಿಧಾನ. ಅಂಥ ಹೊತ್ತಿನಲ್ಲಿ ಖಾಲಿ ಕಾಯಿಸುವುದನ್ನು ಏಳು ನಿಮಿಷಕ್ಕೆ ಏರಿಸಿ, ಒಂದೇ ಸಲ ತೆರೆಯಿರಿ, ಸರದಿಗೆ ಆರು ಉಂಡೆ ಸಾಕು. ಇನ್ನು 1,500 ವ್ಯಾಟ್ ಎಂದರೆ ಆರೂವರೆ ಆಂಪಿಯರ್. ಸಣ್ಣ 6 ಆಂಪಿಯರ್ ಸಾಕೆಟ್‌ಗೆ ಅಡಾಪ್ಟರ್ ಹಾಕಿ ಸಿಕ್ಕಿಸಬೇಡಿ, 16 ಆಂಪಿಯರ್‌ನದೇ ಬೇಕು.

ಕೀಮಾ ಸೇರಿಸುವವರು 150 ಗ್ರಾಮಿನವರೆಗೆ ಸೇರಿಸಬಹುದು, ಬೇಯಿಸಿದ ನೀರು ಪೂರ್ತಿ ಬಿಟ್ಟು. 180 ಡಿಗ್ರಿಯಲ್ಲಿ 14-15 ನಿಮಿಷ ಬೇಕು, ನಡುವಿನ ಬಿಸಿ 74 ಡಿಗ್ರಿ ಮುಟ್ಟಿರಬೇಕು. ಇದಕ್ಕೆ ಅಡುಗೆ ಥರ್ಮಾಮೀಟರೇ ಗತಿ, ಬಣ್ಣ ನಂಬುವಂತಿಲ್ಲ. ಕೀಮಾ ಇಲ್ಲದ ಹಸಿ ಉಂಡೆ ಉಳಿದರೆ, ಅದನ್ನು ಬಿಡಿಬಿಡಿಯಾಗಿ ಫ್ರೀಜ್ ಮಾಡಿದರೆ ಕರಗಿಸದೆ ನೇರ 165 ಡಿಗ್ರಿಗೆ 16 ನಿಮಿಷ. ಕರಗಿಸಿದರೆ ರೊಟ್ಟಿ ಪುಡಿ ಒದ್ದೆಯಾಗಿ ಪಟ್ಟ ಶ್ರಮವೆಲ್ಲ ವ್ಯರ್ಥ.

ಇದೇ ಮಷಿನ್‌ನಲ್ಲಿ ಮಿರ್ಚಿ (ಮೆಣಸಿನಕಾಯಿ ಬಜ್ಜಿ) ಆಗುತ್ತದೆಯೇ ಎಂಬ ಪ್ರಶ್ನೆ ಇದರ ಹಿಂದೆಯೇ ಬರುತ್ತದೆ. ಆಗುವುದಿಲ್ಲ. ಕಲಸಿದ ಹಸಿ ಹಿಟ್ಟು ಗಟ್ಟಿಯಾಗುವ ಮೊದಲೇ ತೂತಿನಿಂದ ಸೋರಿಹೋಗುತ್ತದೆ, ಉಳಿದದ್ದು ಮೆಣಸಿನಕಾಯಿಗೆ ತೊಗಲಿನಂತೆ ಅಂಟುತ್ತದೆ. ಮಂಡಾಳಿನ (ಮಂಡಕ್ಕಿಯ) ಒಗ್ಗರಣೆ ಜೊತೆಗೆ ಮಿರ್ಚಿ ಬೇಕೆಂದರೆ ಕಡಾಯಿಯನ್ನೇ ಇಡಿ. ಮಂಡಾಳಿನ ಜೊತೆಗೆ ಈ ಉಂಡೆ ಬಡಿಸುವುದಾದರೆ ಉಪ್ಪನ್ನು ಅರ್ಧ ಚಮಚಕ್ಕೆ ಇಳಿಸಿ, ಎರಡು ಹಸಿಮೆಣಸಿನಕಾಯಿ ಹೆಚ್ಚಿ ಉಳ್ಳಾಗಡ್ಡಿಯ ಜೊತೆಗೇ ಬಾಡಿಸಿ.