ಸವಳು ನೆಲವೇ ಬೇಕೆನ್ನುವ ಹುಲಿಜೀರುಂಡೆ

ಶಹಾಪುರ, ಸುರಪುರದ ಕಡೆ ಕಾಲುವೆ ನೀರು ಜಾಸ್ತಿಯಾಗಿ ಬೆಳ್ಳಗೆ ಉಪ್ಪು ಎದ್ದ ಹೊಲ ಕಂಡರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಸವಳಾಯ್ತು, ನೆಲ ಸತ್ತುಹೋಯ್ತು. ತೊಗರಿ ಬರಲ್ಲ, ನಿಜ. ಆದರೆ ಸತ್ತಿದೆ ಅಂತ ಹೇಳಿದವರು ಯಾರು?

ಅಮೆರಿಕದ ನೆಬ್ರಾಸ್ಕಾದಲ್ಲಿ ಸಾಲ್ಟ್ ಕ್ರೀಕ್ ಅನ್ನೋ ಹಳ್ಳ ಇದೆ. ಅದರ ಸುತ್ತಲಿನ ಉಪ್ಪುನೆಲ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಹುಲಿಜೀರುಂಡೆ ಅಲ್ಲಿದೆ, ಉದ್ದ ಅರ್ಧ ಇಂಚು. ಉಪ್ಪಿದ್ದ ಕಡೆ ಹುಲ್ಲು ಬೆಳೆಯಲ್ಲ, ಬಯಲು ಬಯಲಾಗಿಯೇ ಉಳಿಯುತ್ತದೆ. ಓಡಿ ಬೇಟೆಯಾಡುವ ಹುಳಕ್ಕೆ ಇನ್ನೇನು ಬೇಕು! ಮರಿಹುಳುವಂತೂ ಹಸಿ ಉಪ್ಪುಮಣ್ಣಲ್ಲಿ ನೆಟ್ಟಗೆ ಬಿಲ ತೋಡಿ, ಚಪ್ಪಟೆ ತಲೆಯಿಂದಲೇ ಬಿಲದ ಬಾಯಿ ಮುಚ್ಚಿ ಕಾಯುತ್ತದೆ. ಇರುವೆ ಹತ್ತಿರ ಬಂದರೆ ಗಬಕ್. ಸಿಕ್ಕಿದ್ದು ಎಳೆದಾಡಿದರೂ ತಾನು ಬಿಲದಿಂದ ಹೊರಗೆ ಬರದ ಹಾಗೆ ಬೆನ್ನಲ್ಲಿ ಕೊಕ್ಕೆ ಬೇರೆ. ಹೀಗೆ ಎರಡು ವರ್ಷ.

ಆ ಉಪ್ಪು ಬರುವುದು ಆಳದ ಬಂಡೆಗಳಿಂದ ತಾನಾಗಿ ಉಕ್ಕುವ ಬುಗ್ಗೆಗಳಿಂದ, ನಮ್ಮಲ್ಲಿಯ ಹಾಗೆ ನೀರಾವರಿಯಿಂದಲ್ಲ. 19ನೇ ಶತಮಾನದಲ್ಲಿ ಉಪ್ಪು ಮಾರಿ ದುಡ್ಡು ಮಾಡೋಣ ಅಂತ ಜನ ಅಲ್ಲಿಗೆ ನುಗ್ಗಿದ್ದರು. ಅಲ್ಲಿ ಎದ್ದ ಊರೇ 1867ರಲ್ಲಿ ಲಿಂಕನ್ ಅನ್ನೋ ಹೆಸರಿನಲ್ಲಿ ನೆಬ್ರಾಸ್ಕಾ ರಾಜ್ಯದ ರಾಜಧಾನಿಯಾಯಿತು. ಉಪ್ಪಿನ ವ್ಯಾಪಾರ ಕೈಹಿಡಿಯಲಿಲ್ಲ, ಊರು ಮಾತ್ರ ಬೆಳೆಯಿತು.

ಹುಳಕ್ಕೆ ಮುಳುವಾದದ್ದು ಹಳ್ಳ ನೇರ ಮಾಡಿದ್ದು. ಪ್ರವಾಹ ಬೇಗ ಇಳಿಯಲಿ ಅಂತ ತಿರುವುಗಳನ್ನು ಕತ್ತರಿಸಿದರು. ಹಳ್ಳದ ಉದ್ದ ಕಡಿಮೆಯಾಯಿತು, ಇಳಿಯಬೇಕಾದ ಎತ್ತರ ಅಷ್ಟೇ ಉಳಿಯಿತು. ಅಂದ್ರೆ ಇಳಿಜಾರು ಜಾಸ್ತಿ, ನೀರಿಗೆ ಓಟ ಜಾಸ್ತಿ, ತಳ ಕೊರೆದು ಕೊರೆದು ಆಳಕ್ಕೆ ಇಳಿಯಿತು. ಹೊಲದ ಪಕ್ಕ ಆಳದ ಬಸಿಗಾಲುವೆ ತೋಡಿದ ಹಾಗೆ, ಅಕ್ಕಪಕ್ಕದ ಅಂತರ್ಜಲವೆಲ್ಲ ಅದಕ್ಕೇ ಬಸಿಯಿತು. ಮೇಲೆ ಬರಬೇಕಿದ್ದ ಉಪ್ಪುನೀರು ಕೆಳಗೇ ಉಳಿಯಿತು, ಮಳೆ ಇದ್ದ ಉಪ್ಪನ್ನೂ ತೊಳೆಯಿತು, ಕಳೆ ಹಬ್ಬಿತು. ಒಬ್ಬರೂ ಆ ಹುಳವನ್ನು ಮುಟ್ಟಲಿಲ್ಲ, ನೋಡಿ. ರಸ್ತೆ, ಮನೆ, ರಾತ್ರಿಯ ದೀಪ ಉಳಿದ ಕೆಲಸ ಮಾಡಿದವು. ಅಲ್ಲಿನ ಉಪ್ಪುನೆಲದಲ್ಲಿ ಶೇ. 90ಕ್ಕೂ ಹೆಚ್ಚು ಹಾಳಾಗಿದೆ.

2005ರಲ್ಲಿ ಈ ಜೀರುಂಡೆ ಅಳಿವಿನಂಚಿನ ಪಟ್ಟಿಗೆ ಸೇರಿತು. 2014ರಲ್ಲಿ 1,110 ಎಕರೆಯನ್ನು ಅದರ ಮುಖ್ಯ ನೆಲೆ ಅಂತ ಗುರುತಿಸಿದರು. ಅದೇ ರಾಜ್ಯದ ಒಮಾಹಾ ಊರಿನ ಮೃಗಾಲಯದಲ್ಲಿ ಮರಿಹುಳುಗಳನ್ನು ಸಾಕಿ ಬಯಲಿಗೆ ಬಿಡುತ್ತಾರೆ. ಬಿಟ್ಟ ಮೇಲೂ ಅವು ದೊಡ್ಡವಾಗಬೇಕಾದರೆ ಅದೇ ಹಸಿ ಸವಳು ಬೇಕು, ಅದಕ್ಕೇ ಉಪ್ಪುನೆಲವನ್ನು ಮತ್ತೆ ಉಪ್ಪಾಗಿಸುವ ಕೆಲಸವೂ ಜೊತೆಗೇ ನಡೆದಿದೆ.