ಹೆದ್ದಾರಿಗೆ ಬಾಗಿಲು ತೆರೆಯುವ ಹಕ್ಕು ಯಾರದು?

ಹೆದ್ದಾರಿಗೆ ಅಂಟಿಕೊಂಡ ಒಂದು ಎಕರೆಗೂ ಅಲ್ಲಿಂದ ಅರ್ಧ ಕಿಲೋಮೀಟರ್ ಒಳಗಿನ ಒಂದು ಎಕರೆಗೂ ಬೆಲೆಯಲ್ಲಿ ಎಷ್ಟು ಅಂತರ ಎಂದು ನೆಲಮಂಗಲದಲ್ಲೋ ಹೊಸಕೋಟೆಯಲ್ಲೋ ಜಮೀನು ವಿಚಾರಿಸಿದವರಿಗೆ ಗೊತ್ತು. ಮಣ್ಣು ಅದೇ, ನೀರು ಅದೇ. ರಸ್ತೆಯಿಂದ ಗಾಡಿ ಸೀದಾ ಒಳಗೆ ತಿರುಗುತ್ತದೆ ಎಂಬ ಒಂದೇ ಕಾರಣಕ್ಕೆ ಅಷ್ಟು ಹಣ. ಪೆಟ್ರೋಲ್ ಬಂಕ್, ಹೋಟೆಲ್, ಕಲ್ಯಾಣ ಮಂಟಪ, ಗೋದಾಮು, ಟೈರ್ ಅಂಗಡಿ, ಎಳನೀರಿನ ಗಾಡಿ, ಎಲ್ಲರ ವ್ಯಾಪಾರವೂ ನಿಂತಿರುವುದು ಆ ತಿರುವಿನ ಮೇಲೆ. ಅಪಘಾತಗಳೂ ಜಾಸ್ತಿ ಆಗುವುದು ಅಂಥ ತಿರುವುಗಳಲ್ಲೇ.

ತಿರುಗುವ ಗಾಡಿ ನಿಧಾನ ಆಗಲೇಬೇಕು. ಹಿಂದೆ ವೇಗವಾಗಿ ಬರುತ್ತಿರುವ ಲಾರಿಗೆ ಅದು ತಿಳಿಯುವುದು ಕೊನೇ ಗಳಿಗೆಯಲ್ಲಿ. ಒಳಗಿನಿಂದ ಹೊರಬರುವ ಬೈಕಿಗೂ ಅದೇ ಕಷ್ಟ, ಸೊನ್ನೆ ವೇಗದಿಂದ ಓಡುವ ಸಾಲಿನೊಳಗೆ ನುಗ್ಗಬೇಕು. ನಾಲ್ಕು ಕಡೆಯಿಂದ ರಸ್ತೆ ಕೂಡುವ ಸಾದಾ ಕ್ರಾಸಿನಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ತಾಗುವ ಜಾಗಗಳನ್ನು ಎಂಜಿನಿಯರುಗಳು 32 ಎಂದು ಎಣಿಸುತ್ತಾರೆ. ಮೂರು ರಸ್ತೆ ಕೂಡುವಲ್ಲಿ 9. ನಡುವೆ ಡಿವೈಡರ್ ಹಾಕಿ, ಎಡಕ್ಕೆ ತಿರುಗಿ ಒಳಗೆ, ಎಡಕ್ಕೇ ತಿರುಗಿ ಹೊರಗೆ ಎಂದು ಮಾಡಿದರೆ ಬರೀ 2. ಆದರೆ ಆ ಎರಡೂ ಐವತ್ತು ಅಡಿಗೊಂದರಂತೆ ಬಂದರೆ ಲೆಕ್ಕ ಮತ್ತೆ ಕೆಡುತ್ತದೆ. ಒಬ್ಬ ಹೊರಬರುವಷ್ಟರಲ್ಲಿ ಪಕ್ಕದ ಗೇಟಿಗೆ ಇನ್ನೊಬ್ಬ ಬ್ರೇಕ್ ಹಾಕಿರುತ್ತಾನೆ.

ಹೀಗಾಗಿ ಹೆದ್ದಾರಿಗೆ ಯಾರು, ಎಲ್ಲಿ, ಎಷ್ಟು ದೂರಕ್ಕೊಂದು ಬಾಗಿಲು ತೆರೆಯಬಹುದು ಎಂಬುದು ಜೀವದ ಪ್ರಶ್ನೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ. 36ರಷ್ಟು ಜನ ಸತ್ತದ್ದು ರಾಷ್ಟ್ರೀಯ ಹೆದ್ದಾರಿ ಮತ್ತು ಎಕ್ಸ್‌ಪ್ರೆಸ್‌ವೇಗಳಲ್ಲಿ. ದೇಶದ ಒಟ್ಟು ರಸ್ತೆಯಲ್ಲಿ ಇವುಗಳ ಉದ್ದ ಶೇ. 2ರ ಆಸುಪಾಸು ಮಾತ್ರ. ಎಲ್ಲ ಸಾವಿಗೂ ಗೇಟುಗಳೇ ಕಾರಣ ಎಂದು ಯಾರೂ ಹೇಳುವುದಿಲ್ಲ. ಆದರೆ ದೂರ ಹೋಗುವ ಲಾರಿ ಮತ್ತು ಪಕ್ಕದ ಅಂಗಡಿಗೆ ಹೊರಟ ಸ್ಕೂಟರ್ ಒಂದೇ ಡಾಂಬರಿನ ಮೇಲೆ ಇರುವುದು ಇದರಲ್ಲಿ ದೊಡ್ಡ ಪಾಲು ಎನ್ನುವುದನ್ನು ರಸ್ತೆ ಕಟ್ಟುವವರೆಲ್ಲ ಒಪ್ಪುತ್ತಾರೆ.

ಈ ತಲೆನೋವು ಇಂದು ನಿನ್ನೆಯದಲ್ಲ. ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದ ನಂತರ ಕಾರುಗಳು ಹೆಚ್ಚಿದವು. ಊರಿಂದ ಹೊರಗೆ ಹೋಗುವ ಹೊಸ ರಸ್ತೆಗಳ ಎರಡೂ ಬದಿಗೆ ಮನೆ, ಅಂಗಡಿಗಳು ಉದ್ದಕ್ಕೆ ಸಾಲುಗಟ್ಟಿದವು. ಊರು ತಪ್ಪಿಸಲೆಂದು ಮಾಡಿದ ರಸ್ತೆಯೇ ಊರಾಯಿತು. 1935ರಲ್ಲಿ ಅಲ್ಲಿನ ಸಂಸತ್ತು ಇದನ್ನು ತಡೆಯಲೆಂದೇ ಕಾಯ್ದೆ ತಂದಿತು. ಮುಖ್ಯ ರಸ್ತೆಗಳ ನಡುಗೆರೆಯಿಂದ 220 ಅಡಿಯೊಳಗೆ ಒಪ್ಪಿಗೆ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ, ರಸ್ತೆಗೆ ಹೊಸ ದಾರಿ ತೆರೆಯುವಂತಿಲ್ಲ ಎಂದಿತು.

ನಮ್ಮಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಶುರುವಾದದ್ದು ಅದರ ಹಿಂದಿನ ವರ್ಷ, 1934ರಲ್ಲಿ. ರಸ್ತೆ ಎಂಜಿನಿಯರುಗಳ ಈ ಸಂಸ್ಥೆಯೇ ಇಂದಿಗೂ ದೇಶದ ರಸ್ತೆಗಳಿಗೆ ಅಳತೆ, ಮಾನದಂಡ ಬರೆಯುತ್ತದೆ. ಅದು ಹಾಕಿಕೊಟ್ಟ ಎರಡು ಗೆರೆಗಳನ್ನು ನೆನಪಿಡಬೇಕು. ಬಯಲು ಸೀಮೆಯ ಹಳ್ಳಿಗಾಡಿನಲ್ಲಿ ಹಾದುಹೋಗುವ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಯಾದರೆ ನಡುಗೆರೆಯಿಂದ 40 ಮೀಟರ್ ತನಕ ಯಾವ ಕಟ್ಟಡವೂ ಬೇಡ. 40ರಿಂದ 75 ಮೀಟರ್ ತನಕ ಕಟ್ಟಬಹುದು, ಆದರೆ ಹೆದ್ದಾರಿ ಇಲಾಖೆಯ ಹಿಡಿತ ಇರಬೇಕು. ಕರ್ನಾಟಕ ಹೆದ್ದಾರಿ ಕಾಯ್ದೆ ಬಂದದ್ದು 1964ರಲ್ಲಿ. ಇಂಥ ಗೆರೆಗಳನ್ನು ಹಾಕುವ ಅಧಿಕಾರ ಅದರಲ್ಲೂ ಇದೆ.

ಅಂದರೆ ತಿಳಿವಳಿಕೆಗೆ ಆಗಲೂ ಬರ ಇರಲಿಲ್ಲ. ಎಡವಿದ್ದು ಬೇರೆ ಕಡೆ. ಹೆದ್ದಾರಿ ಪಕ್ಕದ ಹೊಲ ಅಂಗಡಿಯಾಗುವಾಗ ಕಾಗದ ಮೂರು ಕಡೆ ಓಡಾಡಬೇಕು. ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸುವುದು ಕಂದಾಯ ಇಲಾಖೆ, ಜಿಲ್ಲಾಧಿಕಾರಿ ಮಟ್ಟದಲ್ಲಿ. ಕಟ್ಟಡಕ್ಕೆ ಲೈಸೆನ್ಸ್ ಕೊಡುವುದು ಗ್ರಾಮ ಪಂಚಾಯಿತಿ ಅಥವಾ ಪುರಸಭೆ. ರಸ್ತೆಗೆ ದಾರಿ ಬಿಡುವ ಮಾತು ಹೆದ್ದಾರಿಯವರದು. ಮೊದಲ ಎರಡು ಆದಮೇಲೆ ಕಟ್ಟಡ ಎದ್ದು ನಿಲ್ಲುತ್ತದೆ. ಮೂರನೆಯದನ್ನು ಕೇಳುವವರು ಎಷ್ಟು ಮಂದಿ? ಚರಂಡಿಯ ಮೇಲೆ ಎರಡು ಕಲ್ಲುಚಪ್ಪಡಿ ಹಾಸಿದರೆ ದಾರಿ ಆಯಿತು. ಪಂಚಾಯಿತಿಗೆ ತೆರಿಗೆ ಬರುತ್ತದೆ, ಊರಿಗೆ ನಾಲ್ಕು ಕೆಲಸ ಬರುತ್ತದೆ. ತಡೆಯಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ.

1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಬಲ ಇದಕ್ಕೆ ಸಾಲುತ್ತಿರಲಿಲ್ಲ. ಸುವರ್ಣ ಚತುಷ್ಪಥ ಯೋಜನೆ ಶುರುವಾಗಿ ಬೆಂಗಳೂರು–ತುಮಕೂರು–ಹುಬ್ಬಳ್ಳಿ–ಬೆಳಗಾವಿಯ ಹಳೇ ಎನ್‌ಎಚ್ 4 ನಾಲ್ಕು ಪಥ ಆಗುತ್ತಿದ್ದ ಹೊತ್ತಿಗೆ ಕೊರತೆ ಕಣ್ಣಿಗೆ ಹೊಡೆಯತೊಡಗಿತು. ಅಷ್ಟು ಹಣ ಸುರಿದು ಅಗಲ ಮಾಡಿದ ರಸ್ತೆಯ ಅಂಚು ನೋಡನೋಡುತ್ತಲೇ ಅಂಗಡಿ ಸಾಲಾಗುತ್ತಿತ್ತು. ಆಗ ಬಂದದ್ದೇ ರಾಷ್ಟ್ರೀಯ ಹೆದ್ದಾರಿಗಳ ಭೂಮಿ ಮತ್ತು ಸಂಚಾರ ನಿಯಂತ್ರಣ ಕಾಯ್ದೆ, 2002. ಅದರ 28ನೇ ಕಲಮಿನ ತಿರುಳು ಸರಳ: ಹೆದ್ದಾರಿ ಆಡಳಿತದ ಅನುಮತಿ ಇಲ್ಲದೆ ಯಾರಿಗೂ ಹೆದ್ದಾರಿಗೆ ದಾರಿ ತೆರೆಯುವ ಹಕ್ಕಿಲ್ಲ. ಜಮೀನು ನಿಮ್ಮದೇ ಇರಬಹುದು, ತಾತನ ಕಾಲದ್ದೇ ಇರಬಹುದು. ಅದರಿಂದ ಹೆದ್ದಾರಿಗೆ ಇಳಿಯುವ ಹಕ್ಕು ತಾನಾಗಿ ಬರುವುದಿಲ್ಲ.

ಇಲ್ಲಿ ಅಮೆರಿಕದ ಮಾತು ಸ್ವಲ್ಪ ಹೇಳಬೇಕು. ಅಲ್ಲಿ ರಸ್ತೆ ಪಕ್ಕದ ಜಮೀನಿನವನಿಗೆ ರಸ್ತೆಗೆ ದಾರಿ ಸಿಗುವುದು ಆಸ್ತಿಯ ಹಕ್ಕಿನ ಭಾಗ. ಪೂರ್ತಿ ಕಿತ್ತುಕೊಂಡರೆ ಸರ್ಕಾರ ಪರಿಹಾರ ಕೊಡಬೇಕಾಗುತ್ತದೆ. ಆದರೂ ಕೊಲೊರಾಡೊ ರಾಜ್ಯ ಹೆದ್ದಾರಿಗೆ ದಾರಿ ತೆರೆಯುವುದರ ಬಗ್ಗೆ 1979ರಲ್ಲಿ ಕಾಯ್ದೆ ಮಾಡಿ 1981ರಲ್ಲಿ ನಿಯಮಾವಳಿ ಜಾರಿಗೆ ತಂದಿತು. ಫ್ಲೋರಿಡಾ, ನ್ಯೂಜೆರ್ಸಿ 1980ರ ದಶಕದ ಕೊನೆಯಲ್ಲಿ ಅದೇ ಹಾದಿ ಹಿಡಿದವು. ಎಲ್ಲ ರಸ್ತೆಗೂ ಒಂದೇ ಅಳತೆ ಹಾಕದೆ, ಯಾವ ರಸ್ತೆ ದೂರದ ಓಟಕ್ಕೆ, ಯಾವುದು ಅಂಗಡಿ ಬೀದಿ ಎಂದು ಮೊದಲು ವರ್ಗ ಮಾಡಿದರು. ಪಕ್ಕಪಕ್ಕದ ಎರಡು ಅಂಗಡಿಗೆ ಒಂದೇ ಗೇಟು, ಹಿಂಬದಿಯಲ್ಲಿ ಪಾರ್ಕಿಂಗ್ ಜಾಗಗಳನ್ನು ಜೋಡಿಸುವ ದಾರಿ, ರಸ್ತೆ ನಡುವೆ ಎತ್ತರದ ಡಿವೈಡರ್, ಇಂಥವು ಅವರ ಮುಖ್ಯ ಉಪಾಯಗಳು. ಅಲ್ಲಿ ಜಮೀನಿನವನ ಹಕ್ಕು ಗಟ್ಟಿ, ಆದರೂ ಗೇಟು ತೆರೆಯಲು ಪರ್ಮಿಟ್ ಕೇಳುತ್ತಾನೆ. ನಮ್ಮಲ್ಲಿ ಹಕ್ಕೇ ಇಲ್ಲ ಎಂದು ಕಾಯ್ದೆ ಹೇಳುತ್ತದೆ, ಗೇಟುಗಳು ಮಾತ್ರ ಎಲ್ಲೆಡೆ ಇವೆ. ನನಗೆ ಇದು ಬಹಳ ದಿನಗಳಿಂದ ಕಾಡುವ ಸಂಗತಿ.

ಪೆಟ್ರೋಲ್ ಬಂಕ್‌ಗಳ ವಿಚಾರದಲ್ಲಿ ಮಾತ್ರ ನಿಯಮ ಚೆನ್ನಾಗಿ ಬೆಳೆಯಿತು. ಕೇಂದ್ರ ಹೆದ್ದಾರಿ ಸಚಿವಾಲಯ 2003ರಲ್ಲಿ ವಿವರವಾದ ಮಾನದಂಡ ಹೊರಡಿಸಿತು. 2013ರಲ್ಲಿ ಮತ್ತು 2020ರಲ್ಲಿ ಅದನ್ನು ತಿದ್ದಿತು. ಬಂಕಿಗೆ ತಿರುಗುವ ಮೊದಲು ವೇಗ ಇಳಿಸಲು ಬೇರೆ ಪಥ, ಹೊರಬಂದ ಮೇಲೆ ವೇಗ ಏರಿಸಲು ಇನ್ನೊಂದು ಪಥ ಇರಬೇಕು. ಡಿವೈಡರ್ ಇರುವ ಹೆದ್ದಾರಿಯಲ್ಲಿ ಎರಡು ಬಂಕುಗಳ ನಡುವೆ 1000 ಮೀಟರ್ ಅಂತರ ಎಂದು 2003ರಲ್ಲೇ ಹೇಳಲಾಗಿತ್ತು. ಹತ್ತಿರಹತ್ತಿರ ಬರಲೇಬೇಕಾದರೆ ಎಲ್ಲಕ್ಕೂ ಸೇರಿ 7 ಮೀಟರ್ ಅಗಲದ ಒಂದು ಸರ್ವಿಸ್ ರಸ್ತೆ, ಅದಕ್ಕೊಂದೇ ಬಾಗಿಲು. ಎಷ್ಟು ಒಳ್ಳೆಯ ನಿಯಮ ಅಲ್ವಾ? ಇದು ಇಷ್ಟು ಮಟ್ಟಿಗೆ ನಡೆಯಲು ಕಾರಣ ಇದೆ ಎಂದು ನನ್ನ ಲೆಕ್ಕ. ಬಂಕ್ ತೆರೆಯಲು ಎಣ್ಣೆ ಕಂಪನಿ ಬೇಕು, ಹಲವು ಇಲಾಖೆಗಳ ನಿರಾಕ್ಷೇಪಣಾ ಪತ್ರ ಬೇಕು. ಕಾಗದ ಇಲ್ಲದೆ ಟ್ಯಾಂಕಿಗೆ ಎಣ್ಣೆ ಬೀಳುವುದಿಲ್ಲ. ಡಾಬಾಕ್ಕೆ, ಗೋದಾಮಿಗೆ, ಕಲ್ಯಾಣ ಮಂಟಪಕ್ಕೆ ಅಂಥ ಕೊಂಡಿ ಇಲ್ಲ.

ನಡುವೆ ಒಂದು ದೊಡ್ಡ ತೀರ್ಪು ಬಂತು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಎಂದಿತು. ಅಷ್ಟೇ ಆಗಿದ್ದರೆ ಅದು ಕುಡಿತದ ವಿಷಯ ಎಂದು ಬಿಡಬಹುದಿತ್ತು. ಆದರೆ ಅಂಗಡಿ ಹೆದ್ದಾರಿಗೆ ಕಾಣಬಾರದು, ಹೆದ್ದಾರಿಯಿಂದ ನೇರ ದಾರಿಯೂ ಇರಬಾರದು ಎಂದೂ ಕೋರ್ಟ್ ಹೇಳಿತು. 2017ರ ಮಾರ್ಚ್‌ನಲ್ಲಿ, 20,000ಕ್ಕಿಂತ ಕಡಿಮೆ ಜನ ಇರುವ ಊರುಗಳಿಗೆ ಅಂತರವನ್ನು 220 ಮೀಟರಿಗೆ ಇಳಿಸಿತು. ಬೆಂಗಳೂರಿನ ಎಂ.ಜಿ. ರಸ್ತೆಯ ಬಾರುಗಳಿಗೂ ಬಿಸಿ ತಟ್ಟಿತು. ಆಗ ಸರ್ಕಾರಗಳು ಓಡಿದ್ದು ಊರೊಳಗಿನ ರಸ್ತೆಗಳಿಗೆ ಅಂಟಿದ ಹೆದ್ದಾರಿ ಎಂಬ ಹೆಸರನ್ನೇ ತೆಗೆಸಲು. ಊರೊಳಗಿನ ರಸ್ತೆಗಳು ಹೆದ್ದಾರಿಯ ಕೆಲಸ ಬಿಟ್ಟು ಎಷ್ಟೋ ಕಾಲ ಆಗಿತ್ತು ಎಂಬುದು ಆ ಓಡಾಟದಲ್ಲೇ ಎಲ್ಲರಿಗೂ ಗೊತ್ತಾಯಿತು.

ಈಗ ಬೆಂಗಳೂರು–ಮೈಸೂರು ರಸ್ತೆಗೆ ಬರೋಣ. ಈ ಇಡೀ ಕಥೆ ಕಣ್ಣಿಗೆ ಕಟ್ಟುವಂತೆ ನಡೆದದ್ದು ಅಲ್ಲೇ. ರಾಜ್ಯ ಹೆದ್ದಾರಿ 17 ಆಗಿದ್ದಾಗ ಅದು ನಾಲ್ಕು ಪಥ ಆಯಿತು. ಆದರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲ ಊರಿನ ನಡುಬೀದಿಯೂ ಅದೇ. ತಟ್ಟೆ ಇಡ್ಲಿ, ಬೊಂಬೆ ಅಂಗಡಿ, ಮದ್ದೂರು ವಡೆ, ಎಳನೀರು, ಕಬ್ಬಿನ ಹಾಲು ಎಲ್ಲ ಬದಿಯಲ್ಲೇ. ಪ್ರಯಾಣಿಕರಿಗೆ ಖುಷಿ, ಊರಿನವರಿಗೆ ಬದುಕು. ಜೊತೆಗೆ ಹಂಪುಗಳು, ಸಿಗ್ನಲ್‌ಗಳು, ಮೂರು ನಾಲ್ಕು ತಾಸಿನ ಪ್ರಯಾಣ.

ಹೊಸ ಎನ್‌ಎಚ್ 275ರ ಉದ್ಘಾಟನೆ 2023ರ ಮಾರ್ಚ್ 12ರಂದು ಆಯಿತು. ನಡುವೆ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಊರುಗಳನ್ನು ತಪ್ಪಿಸಿ ಬೈಪಾಸ್. ಮುಖ್ಯ ಪಥಕ್ಕೆ ಎಲ್ಲಿ ಬೇಕೆಂದರಲ್ಲಿ ನುಗ್ಗದಂತೆ ತಂತಿ ಬೇಲಿ. ಕಾಗದದ ಮೇಲೆ ಇದು ಎಂಟು ದಶಕಗಳ ಪಾಠ ಕಲಿತ ರಸ್ತೆ.

ನೆಲದ ಮೇಲೆ ಆದದ್ದು ಬೇರೆ. ರೈಲು ಹಳಿ ದಾಟುವಂಥ ಕೆಲವು ಕಡೆ ಸರ್ವಿಸ್ ರಸ್ತೆ ಮುಂದಕ್ಕೆ ಸಾಗದೆ ನಿಂತಿತು. ಬೈಕಿನವರು, ಟ್ರ್ಯಾಕ್ಟರಿನವರು ಅಲ್ಲಿ ಮುಖ್ಯ ಪಥಕ್ಕೆ ಬರಲೇಬೇಕಾಯಿತು. ರಸ್ತೆ ದಾಟಲು ಹತ್ತಿರದಲ್ಲಿ ಮೇಲ್ಸೇತುವೆ ಇಲ್ಲದ ಕಡೆ ಜನ ಬೇಲಿ ಹಾರಿದರು. ಬೇಲಿ ಕತ್ತರಿಸಿ ಅಂಗಡಿ, ಹೋಟೆಲುಗಳ ಮುಂದೆ ದಾರಿ ಮಾಡಿದ ಸುದ್ದಿಗಳೂ ಬಂದವು. ಮೊದಲ ತಿಂಗಳುಗಳಲ್ಲಿ ಸಾವಿನ ಮೇಲೆ ಸಾವು. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳು ಮುಖ್ಯ ಪಥಕ್ಕೆ ಬರುವಂತಿಲ್ಲ ಎಂದಾಯಿತು. ವೇಗ ಹಿಡಿಯುವ ಕ್ಯಾಮೆರಾಗಳೂ ಬಂದವು.

ನಿಷೇಧ ತಪ್ಪು ಎಂದು ನಾನು ಹೇಳುವುದಿಲ್ಲ. ನೂರರ ವೇಗದ ಕಾರಿನ ಪಕ್ಕ ಮೊಪೆಡ್ ಓಡಿಸುವುದು ಯಾರಿಗೂ ಕ್ಷೇಮ ಅಲ್ಲ. ನನ್ನ ಸಿಟ್ಟು ಕ್ರಮದ ಬಗ್ಗೆ. ಸರ್ವಿಸ್ ರಸ್ತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲೂ ಕಡಿಯದೆ ಕೂಡಬೇಕಿತ್ತು. ಅಂಡರ್‌ಪಾಸ್, ಪಾದಚಾರಿ ಸೇತುವೆ ಸಿದ್ಧವಾಗಬೇಕಿತ್ತು. ಆಮೇಲೆ ಬೇಲಿ. ಇಲ್ಲಿ ರಸ್ತೆ ತೆರೆದ ಮೇಲೆ ದಾರಿ ಹುಡುಕುವ ಕೆಲಸ ಶುರುವಾಯಿತು. ರಸ್ತೆಯ ಆಚೆ ಹೊಲ, ಈಚೆ ಮನೆ ಇರುವ ರೈತ ಯು-ಟರ್ನ್‌ಗೆಂದು ಎರಡು ಮೂರು ಕಿಲೋಮೀಟರ್ ಹೋಗುವುದಿಲ್ಲ. ಹಾಲಿನ ಕ್ಯಾನ್ ಹೊತ್ತವನು, ಶಾಲೆಗೆ ಹೊರಟ ಮಗು ಹೋಗುವುದಿಲ್ಲ. ರಾಂಗ್ ಸೈಡಿನಲ್ಲಿ ಬರುತ್ತಾರೆ, ಇಲ್ಲ ಬೇಲಿ ದಾಟುತ್ತಾರೆ. ಅವರನ್ನು ಬರೀ ಶಿಸ್ತಿಲ್ಲದವರು ಎಂದು ಬೈದರೆ ಪ್ರಯೋಜನ ಇಲ್ಲ.

ಅಂಗಡಿಯವರ ನಷ್ಟವನ್ನೂ ನಾವು ಹಗುರವಾಗಿ ನೋಡಿದೆವು. ಚನ್ನಪಟ್ಟಣದ ಬೊಂಬೆ ಅಂಗಡಿ, ರಾಮನಗರದ ಹೋಟೆಲುಗಳ ಮುಂದೆ ಕಾರುಗಳು ನಿಲ್ಲುವುದು ಕಡಿಮೆಯಾಯಿತು. ಬೈಪಾಸ್ ಅಂದ ಮೇಲೆ ಅದು ಆಗುವುದೇ. ಆದರೆ ಬೈಪಾಸಿನ ನಕ್ಷೆ ಬರೆಯುವಾಗಲೇ ಎಲ್ಲಿ ಇಳಿದರೆ ಯಾವ ಊರು, ಅಲ್ಲಿ ಏನು ಸಿಗುತ್ತದೆ ಎಂದು ಫಲಕ ಹಾಕುವುದು, ಸ್ಥಳೀಯರಿಗೆ ಮಳಿಗೆ ಕೊಡುವ ತಂಗುದಾಣವನ್ನು ಬದಿಯಲ್ಲಿ ಮೊದಲೇ ಕಟ್ಟುವುದು ಕಷ್ಟದ ಕೆಲಸ ಆಗಿರಲಿಲ್ಲ. ಅಂಥ ಒಂದು ಜಾಗಕ್ಕೆ ಒಂದು ಸರಿಯಾದ ಬಾಗಿಲು ಸಾಕು. ನೂರು ಅಂಗಡಿಗೆ ನೂರು ಬಾಗಿಲು ಬೇಕಿಲ್ಲ.

ಕರಾವಳಿಯಲ್ಲಿ ತೊಡಕು ಇನ್ನೊಂದು ಥರ. ಹಿಂದೆ ಎನ್‌ಎಚ್ 17 ಎನ್ನುತ್ತಿದ್ದ ಇಂದಿನ ಎನ್‌ಎಚ್ 66, ಮಂಗಳೂರಿನಿಂದ ಸುರತ್ಕಲ್, ಪಡುಬಿದ್ರಿ, ಉಡುಪಿ, ಕುಂದಾಪುರದ ತನಕ ಹೆಚ್ಚುಕಡಿಮೆ ಒಂದೇ ಊರಿನಂತೆ ಇದೆ. ಮನೆ, ಶಾಲೆ, ದೇವಸ್ಥಾನ, ಅಂಗಡಿ ಎಡೆಬಿಡದೆ ಬರುತ್ತವೆ. ಜಾಗ ಕಿರಿದು. ಬೈಪಾಸ್ ಮಾಡಲು ಒಂದು ಕಡೆ ಕಡಲು, ಇನ್ನೊಂದು ಕಡೆ ತೋಟ, ಗುಡ್ಡ. ಅಲ್ಲಿ ಸರ್ವಿಸ್ ರಸ್ತೆಗಾಗಿ ಜನ ವರ್ಷಗಟ್ಟಲೆ ಹೋರಾಡಿದ್ದಾರೆ, ಈಗಲೂ ಕೇಳುತ್ತಿದ್ದಾರೆ.

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಸರ್ಕಾರ ಹಳೇ ರಸ್ತೆಯ ಗೋಜಿಗೇ ಹೋಗಲಿಲ್ಲ. ಹೊಸಕೋಟೆಯಿಂದ ತಮಿಳುನಾಡಿನ ಶ್ರೀಪೆರಂಬದೂರಿನವರೆಗೆ ಸುಮಾರು 262 ಕಿಲೋಮೀಟರ್ ಹೊಸದಾಗಿ ಹೊಲಗಳ ನಡುವೆ ಹಾದಿ. ಗೊತ್ತುಮಾಡಿದ ಇಂಟರ್‌ಚೇಂಜ್‌ಗಳಲ್ಲಿ ಮಾತ್ರ ಹತ್ತಬಹುದು, ಇಳಿಯಬಹುದು. ಒಮ್ಮೆ ಅಂಗಡಿ ಬೀದಿಯಾದ ರಸ್ತೆಯನ್ನು ಮತ್ತೆ ಹೆದ್ದಾರಿ ಮಾಡುವುದಕ್ಕಿಂತ ಹೊಸದು ಕಟ್ಟುವುದೇ ಸುಲಭ ಎಂಬ ಲೆಕ್ಕ. ಅದಕ್ಕೆ ಬೆಲೆ ತೆತ್ತದ್ದು ಕೋಲಾರ ಜಿಲ್ಲೆಯ ಹೊಲ ತೋಟಗಳು.

ಎಕ್ಸ್‌ಪ್ರೆಸ್‌ವೇಗೆ ಯಾರೂ ಗೇಟು ತೆರೆಯಲಾರರು, ನಿಜ. ಆದರೆ ಇಂಟರ್‌ಚೇಂಜ್‌ನಿಂದ ಇಳಿದ ಗಾಡಿಗಳೆಲ್ಲ ಸೇರುವುದು ಮಾಲೂರು, ಬೇತಮಂಗಲ ಕಡೆಯ ರಾಜ್ಯ ಮತ್ತು ಜಿಲ್ಲಾ ರಸ್ತೆಗಳಿಗೆ. ಮುಂದಿನ ಗೋದಾಮು, ಹೋಟೆಲು, ಲೇಔಟ್ ಸಾಲು ಬೆಳೆಯುವುದು ಅವುಗಳ ಬದಿಯಲ್ಲೇ. ಅಲ್ಲಿ ಕೇಂದ್ರದ 2002ರ ಕಾಯ್ದೆ ನಡೆಯುವುದಿಲ್ಲ, ಅದು ರಾಷ್ಟ್ರೀಯ ಹೆದ್ದಾರಿಗಳಿಗೆ ಮಾತ್ರ. ಇರುವುದು 1964ರ ಕರ್ನಾಟಕ ಹೆದ್ದಾರಿ ಕಾಯ್ದೆ ಮತ್ತು ಲೋಕೋಪಯೋಗಿ ಇಲಾಖೆ. ಭೂಪರಿವರ್ತನೆಯ ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ ಬಂದ ದಿನವೇ ಅದರ ಒಂದು ಪ್ರತಿ ಲೋಕೋಪಯೋಗಿ ಎಂಜಿನಿಯರಿಗೆ ಹೋಗಬೇಕು. ಗೇಟು ಎಲ್ಲಿ ಎಂದು ನಕ್ಷೆಯಲ್ಲಿ ಗುರುತು ಆಗದೆ ಪಂಚಾಯಿತಿ ಲೈಸೆನ್ಸ್ ಕೊಡಬಾರದು. ಅಕ್ಕಪಕ್ಕದ ನಾಲ್ಕು ಜಮೀನಿಗೆ ಸೇರಿ ಒಂದು ಹಿಂಬದಿ ರಸ್ತೆಗೆ ಜಾಗ ಬಿಡಿಸಬೇಕು. ಆ ರಸ್ತೆಗಳ ಬದಿಯ ಹೊಲಗಳಲ್ಲಿ ಇನ್ನೂ ರಾಗಿ, ಟೊಮೆಟೊ ಬೆಳೆಯುತ್ತಿರುವಾಗಲೇ 40 ಮೀಟರಿನ ಗೆರೆ ಎಳೆದು ಕಲ್ಲು ನೆಟ್ಟರೆ ಯಾರ ಗೋಡೆಯನ್ನೂ ಒಡೆಯಬೇಕಾಗಿಲ್ಲ.